ಭಾವ ಬರೆಯದ ಸಾಲು

ನನ್ನ ಅಕ್ಕನ ಗಂಡ ಅಗ್ನಿಶಾಮಕ ಠಾಣೆಯಲ್ಲಿ ತರಬೇತುದಾರರಾಗಿದ್ದರು. ನಜ್ಜುಗುಜ್ಜಾದ ಕಾರಿನೊಳಗೆ ಸಿಕ್ಕಿಕೊಂಡವರನ್ನು ಹೊರತೆಗೆಯುವುದನ್ನು ಕಲಿಸುತ್ತಿದ್ದರು. ಠಾಣೆಯ ಹಿಂದಿನ ಅಂಗಳದಲ್ಲಿ ಗುಜರಿಯಿಂದ ತಂದ ಕಾರು. ಒಳಗೆ ಮರಳು ತುಂಬಿದ ಗೊಂಬೆ. ಅಭ್ಯಾಸಕ್ಕೆ ಜೀವಂತ ಮನುಷ್ಯನನ್ನು ಕೂರಿಸಲು ಭಾವ ಎಂದೂ ಒಪ್ಪಲಿಲ್ಲ. ಬ್ಯಾಟರಿಯ ತಂತಿ ಬಿಚ್ಚಿದೆಯೇ, ಕಾರಿನಡಿಯ ಮರದ ದಿಮ್ಮಿಗಳು ಬಿಗಿಯಾಗಿವೆಯೇ ಎಂದು ಮಂಡಿಯೂರಿ ನೋಡಿದ ಮೇಲೆಯೇ ಕತ್ತರಿಸುವ ಯಂತ್ರಕ್ಕೆ ಕೈ. ಹೆಲ್ಮೆಟ್ಟಿನ ಪಟ್ಟಿ ಸಡಿಲವಿದ್ದರೆ ಗದರಿ ತಾವೇ ಬಿಗಿಯುವರು. ಬೆನ್ನ ಹಿಂದೆ ಎಲ್ಲರೂ ಅವರನ್ನು 'ಸೋದರತ್ತೆ' ಎನ್ನುತ್ತಿದ್ದರು. ಇನ್ನೊಂದು ನಿಯಮವಿತ್ತು: ಅಪಾಯ ಕಂಡವರು ಯಾರೇ ಆಗಲಿ, "ನಿಲ್ಲಿ" ಎಂದು ಕೂಗಬೇಕು, ಕೂಗಿದೊಡನೆ ಎಲ್ಲರೂ ಕೆಲಸ ನಿಲ್ಲಿಸಬೇಕು.

ಆ ವರ್ಷದ ತಂಡದಲ್ಲಿ ಒಬ್ಬಳೇ ಹೆಣ್ಣುಮಗಳು. ಸಣ್ಣ ದನಿಯವಳೆಂದು ಅವಳಿಗೆ ಗುಬ್ಬಿ ಎಂದು ಹೆಸರು. ರಕ್ಷಣಾ ವಾಹನ ಹತ್ತಬೇಕೆಂಬುದೊಂದೇ ಅವಳ ಹಂಬಲ. ಒಂದು ಬೆಳಿಗ್ಗೆ ಅವಳು ಮೂರು ಸಲ ಕೂಗಿದಳು. ಮೂರನೆಯದು, ಬೆವರೊರೆಸಲು ಒಬ್ಬನು ರಕ್ಷಣಾ ಕನ್ನಡಕವನ್ನು ಹಣೆಗೇರಿಸಿದ್ದಕ್ಕೆ. ಅಂದು ಮೇಲಧಿಕಾರಿಗಳು ಗಡಿಯಾರ ನೋಡುತ್ತ ನಿಂತಿದ್ದರು.

"ಏನಮ್ಮ ಗುಬ್ಬಿ, ಇರುವೆ ಸೀನಿದ್ರೂ ನಿಲ್ಲಿಸ್ತೀಯಾ? ಹೀಗಾದ್ರೆ ಒಳಗಿರೋನು ಅಲ್ಲೇ ಮುದುಕ ಆಗ್ತಾನೆ!" ಎಂದರು ಭಾವ.

"ಮೊಮ್ಮಕ್ಕಳನ್ನೂ ಕಾಣ್ತಾನೆ ಸಾರ್!" ಎಂದ ಇನ್ನೊಬ್ಬ.

ಅಂಗಳವೆಲ್ಲ ನಕ್ಕಿತು. ಅವಳೂ ನಕ್ಕಳು.

ಮುಂದಿನ ವಾರ ಬಾಗಿಲು ಬಿಡಿಸುವಾಗ ಹಿಂದಿನ ದಿಮ್ಮಿಯೊಂದು ಜರುಗಿತು. ಅದನ್ನು ಕಂಡವಳು ಗುಬ್ಬಿ ಮಾತ್ರ. ಅವಳು ಕೂಗಲಿಲ್ಲ, ಬಗ್ಗಿ, ಕೈಯಿಂದ ಒಳಕ್ಕೆ ತಳ್ಳಲು ಹೋದಳು. ಕಾರು ಕುಸಿಯಿತು. ಬಲಗೈಯ ಎರಡು ಬೆರಳುಗಳು ಹೋದವು.

"ಯಾಕಮ್ಮ ಕೂಗಲಿಲ್ಲ?" ಎಂದು ಆಸ್ಪತ್ರೆಯಲ್ಲಿ ಭಾವ ಕೇಳಿದರು.

"ಮತ್ತೆ ಎಲ್ಲರೂ ನಗ್ತಾರೆ ಅಂದ್ಕೊಂಡೆ ಸಾರ್."

"ಸೂಚನೆ ನೀಡದೆ ಕೈ ಹಾಕಿದ್ದಾಳೆ" ಎಂದು ಭಾವ ವರದಿ ಬರೆದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಿಂದಿನ ವಾರದ ತಮ್ಮ ಹಾಸ್ಯದ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಗಾಯ ಮಾಗಿದ ಮೇಲೆ ವೈದ್ಯರು ಅವಳು ಕೆಲಸ ಮಾಡಬಲ್ಲಳೆಂದೇ ಬರೆದುಕೊಟ್ಟರು. ಆದರೂ ನಿಯಮ ಮೀರಿದವಳೆಂದು ಮೇಲಧಿಕಾರಿಗಳು ಅವಳನ್ನು ಠಾಣೆಯ ಫೋನಿನ ಮುಂದೆ ಕೂರಿಸಿದರು.

ಭಾವನಿಗೆ ಊಟ ಸೇರದಾಯಿತು. "ತಪ್ಪು ನಿಮ್ದು ಅಂತ ಗೊತ್ತಿದೆಯಲ್ಲ, ಬರ್ದು ಕೊಡೋಕೆ ಏನ್ರೀ ದಾಡಿ?" ಎಂದು ಅಕ್ಕ ಜಾಡಿಸುತ್ತಲೇ ಇದ್ದಳು. ಮೇಲಧಿಕಾರಿಗಳ ಮುಖ ನೆನೆದು ಅವರು ನಾಳೆ, ನಾಡಿದ್ದು ಎಂದು ಹದಿನಾಲ್ಕು ತಿಂಗಳು ತಳ್ಳಿದರು. ಕೊನೆಗೆ ಬರೆದುಕೊಟ್ಟಾಗ ಆ ಕಡತ ಮುಚ್ಚಿಹೋಗಿತ್ತು. ರಕ್ಷಣಾ ವಾಹನದಲ್ಲಿ ಅವಳ ಜಾಗಕ್ಕೆ ಬೇರೊಬ್ಬನು ಬಂದಿದ್ದ.

ಪತ್ರದ ನಕಲನ್ನು ಅವಳಿಗೆ ತಾವೇ ಒಯ್ದು ಕೊಟ್ಟರು. ಅವಳು ನಿಧಾನವಾಗಿ ಓದಿ, ಮಡಿಸಿ, ಹಿಂದಿರುಗಿಸಿದಳು.

"ಆವತ್ತೇ ಬರೆದಿದ್ರೆ ನಾನು ವಾಹನದಲ್ಲಿ ಇರ್ತಿದ್ದೆ ಸಾರ್. ಕೂತ್ಕೊಳ್ಳಿ, ಟೀ ತರಿಸ್ತೀನಿ."

ಆ ಸಂಜೆ ಭಾವ ನಮ್ಮ ಮನೆಗೆ ಬಂದು, ಬೂಟು ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕುಳಿತರು.

"ಬೈದಿದ್ರೆ ಸಮಾಧಾನ ಆಗ್ತಿತ್ತು ಕಣೋ. ಟೀ ಕುಡಿಸಿ ಕಳಿಸಿದ್ಳು" ಎಂದರು.