ತಬಲಾ ನಿಲ್ಲಿಸಿದ ಬಸ್

ಭಾಲ್ಕಿಯ ಸುನಂದಾ ತಯಾರಿಸಿದ ತಬಲಾ ಆ್ಯಪ್ ಇವತ್ತು ಸಂಜೆ ಡಾಬಕಾ ಊರಿನ ಭಜನೆಯ ನಡುವೆ ಮತ್ತೆ ಮತ್ತೆ ನಿಂತುಬಿಟ್ಟಿತು. ನನಗೆ ಫೋನ್ ಮಾಡಿ ತಿಳಿಸಿದವರು ಭಜನಾ ಮಂಡಳಿಯ ಹಿರಿಯರಾದ ಕಾಶಪ್ಪ ಕಾಕಾ. ಸುನಂದಾಳನ್ನೂ ಕರೆದುಕೊಂಡು ಹೋಗಿ ನೋಡಿದೆ, ನಿಜ.

ಗೆಳೆಯರೆ, ಮಳೆ ಕೈಕೊಟ್ಟ ಮೇಲೆ ಇಲ್ಲಿಂದ ಹೈದರಾಬಾದಿಗೆ ದುಡಿಯಲು ಹೋದವರಲ್ಲಿ ಮಂಡಳಿಗೆ ತಬಲಾ ನುಡಿಸುತ್ತಿದ್ದ ನರಸಪ್ಪನೂ ಒಬ್ಬ. ಅವನಿಲ್ಲದೆ ಸೋಮವಾರದ ಭಜನೆಯೇ ನಿಲ್ಲುವ ಹಾಗಾಗಿತ್ತು. ಇಂಥ ಮಂಡಳಿಗಳಿಗೆಂದೇ ಸುನಂದಾ ಈ ಆ್ಯಪ್ ಮಾಡಿದ್ದು. ಮದುವೆಗೆ ಬ್ಯಾಂಡಿನವರನ್ನು ಗೊತ್ತುಮಾಡಿಕೊಡುವ ಅವಳ ಮೊದಲ ಕಂಪನಿ ಮುಚ್ಚಿತು, ಇದು ಎರಡನೆಯದು. ಹಾಡಿದರೆ ಫೋನು ತಬಲಾ ನುಡಿಸುತ್ತದೆ, 'ಬಸ್' ಅಂದರೆ ನಿಲ್ಲಿಸುತ್ತದೆ. ನಮ್ಮ ಕಡೆ ಸಾಕು ಅನ್ನುವುದಕ್ಕೆ ಬಸ್ ಅನ್ನುತ್ತೇವಲ್ಲ, ಅದಕ್ಕೆ.

ಆದರೆ ಈಗ ಹಿಂದೆ ಕೂತವರ ಮಾತೆಲ್ಲ ಊರು ಬಿಡುವ ಬಸ್ಸಿನದೇ.

"ಔರಾದ ಬಸ್ ಬಂತೇನ್ರಿ?" ತಬಲಾ ಬಂದ್.

"ನಿಮ್ ತಮ್ಮಗ ಬಸ್ ಸಿಕ್ತಾ?" ಮತ್ತೆ ಬಂದ್.

ಕಾಶಪ್ಪ ಕಾಕಾ ತಾಳ ಕೆಳಗಿಟ್ಟರು. "ತಂಗಿ, ನಮ್ ನರಸಪ್ಪನ್ನ ಬಸ್ ಒಯ್ತು. ನಿನ್ ತಬಲಾಕ್ಕೂ ಬಸ್ಸೇ ಅಡ್ಡ ಬಂತಲ್ಲವ್ವ!"

ಎಲ್ಲರೂ ನಕ್ಕರು. ಸುನಂದಾ ನಗಲಿಲ್ಲ. "ಹಂಗಾರ ಏನ್ ಅಂದ್ರ ನಿಲ್ಲಬೇಕು ಹೇಳ್ರಿ ಕಾಕಾ, ಬದಲ್ ಮಾಡ್ತೇನಿ."

"ಏನ್ ಅಂದ್ರೂ ನಿಲ್ಲಬಾರದು ನೋಡು. ನರಸಪ್ಪ ಬರೋತನಕ ನಮ್ ಭಜನಿ ನಡೀಬೇಕು."

ಮುಂದಿನ ಭಜನೆ ಬರುವ ಸೋಮವಾರ ಸಂಜೆ. ಫೋನು ನಡುವೆ ನಿಲ್ಲಬಾರದಲ್ಲ, ಚಾರ್ಜರ್ ತರುವ ಕೆಲಸ ನನ್ನದು.