ಅಣೆಕಟ್ಟಿನ ಮೇಲಿನ ಹಲಸಿನ ಮರ

ಕಳೆದ ವಾರ ಮೂಡುಬಿದಿರೆಯ ಮಿಲ್ಲಿನಲ್ಲಿ ಹಲಸಿನ ದಿಮ್ಮಿ ಸೀಳುತ್ತಿದ್ದರು. ಆ ಹಳದಿ ಹುಡಿಯ ವಾಸನೆ ಮೂಗಿಗೆ ಬಡಿದದ್ದೇ ನನ್ನ ಚೌಕಾಸಿ ಅರ್ಧಕ್ಕೆ ನಿಂತಿತು. ಇಷ್ಟು ವರ್ಷದ ಮರದ ವ್ಯಾಪಾರದಲ್ಲಿ ನನಗೆ ಹಾಗಾದದ್ದು ಕಡಿಮೆ. ನೆನಪಾದವರು ಕಂಡಕ್ಟರಣ್ಣ...

ಗುರುವಾಯನಕೆರೆ ಕಡೆಯ ಬಸ್ಸಿನಲ್ಲಿ ಅವರು ಕಂಡಕ್ಟರ್ ಆಗಿದ್ದರು. ನೆರಿಯದ ಹತ್ತಿರ ಅವರದೂ ನಮ್ಮದೂ ಅಕ್ಕಪಕ್ಕದ ಮನೆ. ಅವರ ಒಬ್ಬಳೇ ಮಗಳು ಶಾಲೆಯಿಂದ ಬರುವಾಗ ತೋಡು ದಾಟಲು ಹೋಗಿ ನೀರುಪಾಲಾದಳು. ಮೇಲಿನ ಕಾಡಿನಲ್ಲಿ ಸುರಿದ ಮಳೆ ಒಮ್ಮೆಲೇ ಇಳಿದಿತ್ತು. ಆ ತೋಡಿಗೆ ಅಡ್ಡಲಾಗಿ ಸಣ್ಣದೊಂದು ಮಣ್ಣಿನ ಅಣೆಕಟ್ಟು ಬಂದದ್ದು ಅದರ ನಂತರ. ನೀರು ಕೂಡಿಡಲಿಕ್ಕಲ್ಲ, ನುಗ್ಗಿ ಬರುವ ನೆರೆಯನ್ನು ತಡೆದು, ಅಡಿಯ ಕೊಳವೆಯಿಂದ ನಿಧಾನಕ್ಕೆ ಬಿಡಲಿಕ್ಕೆ. ಬೇಸಗೆಯಲ್ಲಿ ಒಣಗಿ ಬಿದ್ದಿರುವ ಡ್ಯಾಮ್ ಕಂಡು ಊರವರು ನಗುತ್ತಿದ್ದರು. ಕಂಡಕ್ಟರಣ್ಣ ಮಾತ್ರ, "ಖಾಲಿ ಇದ್ದರೆ ಅಲ್ವಾ ಮಾರಾಯ, ಬಸ್ಸಿಗೆ ಜನ ಹತ್ತುವುದು?" ಎನ್ನುತ್ತಿದ್ದರು.

ಮಗಳಿಗೆ ಇಷ್ಟವಾಗಿದ್ದ ಹಲಸಿನ ಬೀಜವೊಂದನ್ನು ಅವರು ಅಣೆಕಟ್ಟಿನ ಮೇಲೆಯೇ ಊರಿದರು. ಯಾರನ್ನೂ ಕೇಳಲಿಲ್ಲ. ಬೇಡವೆಂದು ಯಾರೂ ಹೇಳಲಿಲ್ಲ, ಹೇಳುವುದಾದರೂ ಹೇಗೆ? ಮರ ದೊಡ್ಡದಾಯಿತು. ಡ್ಯೂಟಿ ಮುಗಿಸಿ ಬಂದು ಅದರ ಬುಡದಲ್ಲಿ ಸುಮ್ಮನೆ ಕೂರುತ್ತಿದ್ದರು...

ಒಂದು ಮಳೆಗಾಲದಲ್ಲಿ ಮರದ ನೇರಕ್ಕೆ, ಅಣೆಕಟ್ಟಿನ ಹೊರಮೈಯಲ್ಲಿ ನೀರು ಒಸರಿತು. ಇಂಜಿನಿಯರರು ಬಂದು ನೋಡಿ, ಬೇರಿನ ಸಂದಿಯಲ್ಲೇ ನೀರು ದಾರಿ ಮಾಡಿಕೊಂಡಿದೆ, ಬೇಸಗೆಯಲ್ಲಿ ಮರ ತೆಗೆಯಲೇಬೇಕೆಂದರು. ಕೆಳಗೆ ಮನೆಗಳಿದ್ದವು. ಕಡಿಯುವ ಕೆಲಸ ನನಗೆ ಬಂತು. ಕಂಡಕ್ಟರಣ್ಣ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಒಳ್ಳೆಯದೆಂದು ಹೋದೆ.

ಅವರು ಬುಡದಿಂದ ಎದ್ದು ಮರದ ಮೇಲೆ ಕೈಯಿಟ್ಟರು.

"ಟಿಕೆಟ್ ಇಲ್ಲದೆ ಹತ್ತಿದ್ದಲ್ವಾ... ಇಳಿಸುವ," ಎಂದರು. ಮತ್ತೆ, "ಬುಡ ಬಿಟ್ಟು ಕಡಿ. ಹಲಸು ಚಿಗುರ್ತದೆ."

"ಬುಡ ಬಿಡ್ಲಿಕ್ಕೆ ಆಗುವುದಿಲ್ಲ ಅಣ್ಣ. ಬೇರು ಒಳಗೇ ಕೊಳೆತು ಕುಂಬಾದ್ರೆ ಆ ಜಾಗ ಪೊಳ್ಳಾಗ್ತದೆ. ನೀರಿಗೆ ಅಷ್ಟೇ ಸಾಕು."

"ಎಲ್ಲದಕ್ಕೂ ಚೌಕಾಸಿ ಮಾಡುವವ ನೀನು. ಇದರಲ್ಲಿ ಸ್ವಲ್ಪವೂ ಬಿಟ್ಟುಕೊಡುವುದಿಲ್ವಾ?"

ಇಲ್ಲವೆಂದೆ.

ನಿಮ್ಮೂರಲ್ಲಿ ಇಂಥ ಅಣೆಕಟ್ಟಿದ್ದರೆ ನನ್ನ ಮಾತು ಕೇಳಿ. ಹುಲ್ಲು ಎಷ್ಟು ಬೇಕಾದರೂ ಬೆಳೆಯಲಿ. ಮರವಾಗುವ ಗಿಡವನ್ನು ಎರಡೆಲೆ ಬಂದಾಗಲೇ ಕಿತ್ತುಬಿಡಿ. ಬೆಳೆದ ಮೇಲೆ ಕೀಳುವ ಕೆಲಸ ಯಾರಿಗೂ ಬೇಡ.

ಮರ ಉರುಳಿದಾಗ ಅವರು ಬರಲಿಲ್ಲ. ಬೇರುಗಳನ್ನೆಲ್ಲ ಅಗೆದು ತೆಗೆದು, ಗುಂಡಿಗೆ ಅಂಟುಮಣ್ಣು ತುಂಬುವಾಗ ಬಂದರು. ಮಣ್ಣು ಕುಟ್ಟುವ ದಿಮ್ಮಸನ್ನು ಕೆಲಸದವರ ಕೈಯಿಂದ ತೆಗೆದುಕೊಂಡು ಪದರ ಪದರವಾಗಿ ತಾವೇ ಕುಟ್ಟಿದರು. ನಾನು ಸಾಕೆಂದರೂ ಬಿಡಲಿಲ್ಲ.

"ಗಟ್ಟಿ ಆಗ್ಬೇಕು ಮಾರಾಯ, ಕೆಳಗೆ ಮಕ್ಕಳುಂಟು..."

ಮುಂದಿನ ಮಳೆಗಾಲ ಜೋರಿತ್ತು. ನೆರೆ ಬಂತು, ನಿಂತಿತು, ಕೊಳವೆಯಿಂದ ಮೆಲ್ಲನೆ ಇಳಿದುಹೋಯಿತು. ಕೆಳಗಿನ ಮನೆಯವರಿಗೆ ಗೊತ್ತೇ ಆಗಲಿಲ್ಲ. ಕಂಡಕ್ಟರಣ್ಣ ಮಾತ್ರ ಅಣೆಕಟ್ಟಿನ ಮೇಲಿನ ದಾರಿ ಬಿಟ್ಟು ಸುತ್ತು ಬಳಸಿ ಮನೆಗೆ ಹೋಗತೊಡಗಿದರು. ಕೆಲವು ವರ್ಷಗಳಲ್ಲಿ ತೀರಿಕೊಂಡರು.

ಮೊನ್ನೆ ಅಣೆಕಟ್ಟಿನ ಮೇಲೆ ಹತ್ತಿ ನೋಡಿದೆ. ಎಲ್ಲೂ ಒಸರಿಲ್ಲ, ತಗ್ಗಿಲ್ಲ. ಈ ತುದಿಯಿಂದ ಆ ತುದಿಯವರೆಗೆ ನೆಲ ಒಂದೇ ಸಮ. ಮರ ನಿಂತಿದ್ದ ಜಾಗ ಯಾವುದೆಂದು ಅತ್ತಿಂದಿತ್ತ ಎಷ್ಟು ನಡೆದರೂ ನನಗೆ ಗುರುತು ಸಿಗಲಿಲ್ಲ. ಕೇಳೋಣವೆಂದರೆ, ಗೊತ್ತಿದ್ದವರು ಅವರೊಬ್ಬರೇ.