ಬೆಲ್ಲದ ಬಣ್ಣದ ಅಲಗು

ಬೈಲಹೊಂಗಲ, ಸವದತ್ತಿ ಸೀಮೆಯಲ್ಲಿ ಕುಡಗೋಲು, ಕುರಪಿ, ಕೊಡಲಿ ಬಡಿಯುವ ಕಂಬಾರರಿಗೆ ಎಂದೂ ಕೊರತೆಯಿರಲಿಲ್ಲ. ಆದರೆ ಕಟ್ಟಿಗೆ ಕೆತ್ತುವ ಹೆಂಗಸರಿಗೆಂದೇ ಎರಡು ಹಿಡಿಕೆಯ ಕತ್ತಿಯನ್ನು ಬಡಿದುಕೊಟ್ಟವರು, ನಾನು ಬಲ್ಲಂತೆ, ಶ್ರೀಮತಿ ಗಂಗವ್ವ ಕಂಬಾರ ಅವರೊಬ್ಬರೇ. ಬೈಲಹೊಂಗಲದ ನಮ್ಮ ಮಹಿಳಾ ಕೆತ್ತನೆ ತರಬೇತಿ ಕೇಂದ್ರದ ಕುಲುಮೆಯಿಂದ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಮೊದಲು ಅವರ ಕತ್ತಿ ಹಿಡಿದು ಕಲಿತು, ಆಮೇಲೆ ಅವರ ಪಕ್ಕದ ಕೋಣೆಯಲ್ಲೇ ಕಲಿಸುತ್ತ ಬಂದ ನನಗೆ ಈ ಬೀಳ್ಕೊಡುಗೆ ಸಂಪುಟದಲ್ಲಿ ಅವರನ್ನು ನೆನೆಯುವ ಭಾಗ್ಯ ಒದಗಿದೆ.

ಮನೋಳಿಯಲ್ಲಿ ತಂದೆ ಶಟ್ಟೆಪ್ಪನವರ ತಿದಿ ಒತ್ತುತ್ತ ಬೆಂಕಿಯ ಗುಣ ಕಲಿತವರು ಗಂಗವ್ವನವರು. ನಮ್ಮ ಕೇಂದ್ರಕ್ಕೆ ಬಂದಾಗ ಅವರ ಮುಂದೆ ಹೊಸದೊಂದು ಕೆಲಸ ಕಾದಿತ್ತು. ನಾವು ಮಾಡುವುದು ತೊಟ್ಟಿಲು, ತೊಟ್ಟಿಲ ಗಿಳಿ. ಗಿಳಿ ಕೆತ್ತುವ ಮೊದಲು ಒರಟು ಕಟ್ಟಿಗೆಯ ಮೈ ಸವರಬೇಕು. ಅದಕ್ಕೆ ಬೇಕಾದದ್ದು ಎರಡೂ ಕೈಯಿಂದ ಹಿಡಿದು ಎದೆಯತ್ತ ಎಳೆದುಕೊಳ್ಳುವ ಕತ್ತಿ. ಪೇಟೆಯಲ್ಲಿ ಸಿಕ್ಕದ್ದೆಲ್ಲ ಗಂಡಸರ ತೋಳಿನ ಅಳತೆಯದು. ಯರಗಟ್ಟಿಯ ಗುಜರಿಯಿಂದ ಕಬ್ಬಿನ ಟ್ರಾಲಿಗಳ ಮುರಿದ ಪಾಟಾ, ಅಂದರೆ ಸ್ಪ್ರಿಂಗಿನ ಉಕ್ಕಿನ ಪಟ್ಟಿ, ತರಿಸಿ, ಗಂಗವ್ವನವರು ನಮ್ಮ ಅಳತೆಯಲ್ಲಿ ಬಡಿಯತೊಡಗಿದರು.

ಅಲಗು ತಮ್ಮ ಮೈಯತ್ತಲೇ ಬರುವುದನ್ನು ಕಂಡು ನಮ್ಮ ತಂಡದವರೆಲ್ಲ ಹಿಂಜರಿದದ್ದು ನೆನಪಿದೆ. ಗಂಗವ್ವನವರು ಇಕ್ಕಳ ಕೆಳಗಿಟ್ಟು ಬಂದರು.

“ಜ್ವಾಳಾ ಕೊಯ್ಯೂ ಮುಂದ ಕುಡಗೋಲ ಯಾ ಕಡೆ ಎಳೀತೀರಿ? ಮಂದೀ ಕಡೇ ಏನು?”

“ಕುಡಗೋಲ ಒಂದ ಕೈಯಾಗ ಇರತೈತ್ರಿ ಅಕ್ಕಾರ,” ಎಂದಳು ಹಿಂದೆ ನಿಂತ ಚನ್ನವ್ವ. “ಇದು ನಮ್ಮತ್ತಿಯಂಗ ಎರಡೂ ಕೈ ಹಿಡಕೊಂಡ ಮೈಮ್ಯಾಲ ಬರತೈತಿ.”

ಎಲ್ಲರಿಗಿಂತ ಮೊದಲು ನಕ್ಕವರು ಗಂಗವ್ವನವರೇ. ಆ ನಗುವಿನಲ್ಲಿ ನಮ್ಮ ಅಂಜಿಕೆ ಅರ್ಧ ಕರಗಿತು.

ಹೊಸಬಳೊಬ್ಬಳು ಬಂದರೆ ಮೊಣಕೈಯಿಂದ ಮುಷ್ಟಿಯವರೆಗೆ ದಾರ ಹಿಡಿದು ಅಳೆಯುವುದು ಅವರ ರೂಢಿ. ಬಳೆಗೆ ತಾಗದಂತೆ ಹಿಡಿಕೆಯನ್ನು ಕೊಂಚ ಕೆಳಕ್ಕೆ ಬಾಗಿಸುತ್ತಿದ್ದರು. ನನ್ನ ಯಜಮಾನರು ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ನನ್ನ ಕೈ ಬರಿದಾಗಿತ್ತು. ನನಗೆ ಹಿಡಿಕೆ ನೆಟ್ಟಗಿದ್ದರೂ ನಡೆದೀತೆಂದೆ. ಅವರು ದಾರ ಸುತ್ತುತ್ತ, ನನ್ನ ಮುಖ ನೋಡದೆಯೇ ಹೇಳಿದರು: “ನಾಳೆ ಬಳಿ ಇಡೂ ಮನಸಾದ್ರ ಹಿಡಿಕಿ ಅಡ್ಡ ಬರಬಾರದವಾ.” ಆ ದಿನಗಳಲ್ಲಿ ಅನೇಕರು ನನಗೆ ಧೈರ್ಯ ಹೇಳಿದ್ದರು. ನನ್ನ ಕೈಗೆ ಒಂದು ನಾಳೆ ಇದೆಯೆಂದು ಎಣಿಸಿದವರು ಅವರು. ಇಂದು ಗಾಜಿನ ಬಳೆ ತೊಟ್ಟು ಅದೇ ಕತ್ತಿ ಎಳೆಯುವಾಗ ಆ ಮಾತು ಕೇಳಿಸುತ್ತಿರುತ್ತದೆ.

ಇಷ್ಟೆಲ್ಲ ಕತ್ತಿ ಬಡಿದ ಅವರಿಗೆ ತಾವು ಕೂತು ಒಂದು ತೊಟ್ಟಿಲು ಮಾಡಲು ಮಾತ್ರ ಎಂದೂ ಬಿಡುವಾಗಲಿಲ್ಲ. ಆಸೆಯಿತ್ತು, ಒಮ್ಮೆ ಚಹಾ ಕುಡಿಯುತ್ತ ಹೇಳಿದ್ದರು.

ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ ಅಲಗು ಗಾಜಿನಂತೆ ಪೆಡಸಾಗುತ್ತದೆ. ಅದನ್ನು ತಿಕ್ಕಿ ಬೆಳ್ಳಗಾಗಿಸಿ, ಸಣ್ಣ ಕಾವಿನಲ್ಲಿ ಮತ್ತೆ ಹಿಡಿದರೆ ಮೈಮೇಲೆ ಬಣ್ಣ ಏರತೊಡಗುತ್ತದೆ. ಬೆಲ್ಲದ ಬಣ್ಣ ಬಂದೊಡನೆ ತಣಿಸಬೇಕು. ಮೊದಲೇ ತೆಗೆದರೆ ಅಲಗು ಸಿಡಿಯುತ್ತದೆ, ತಡವಾದರೆ ಮೆತ್ತಗಾಗುತ್ತದೆ. ಎರಡು ವರ್ಷದ ಹಿಂದೆ ಅವರ ಕತ್ತಿಗಳು ಒಂದರ ಹಿಂದೊಂದು ಸಿಡಿಯತೊಡಗಿದಾಗ ಪಾಟಾ ಕೆಟ್ಟದ್ದೆಂದು ನಾವು ತಿಳಿದಿದ್ದೆವು. ಕೆಟ್ಟದ್ದು ಕಣ್ಣಿನ ನರ. ಹೋದ ದೃಷ್ಟಿ ಮರಳುವಂಥದ್ದಲ್ಲವೆಂದು ಡಾಕ್ಟರು ಹೇಳಿದ್ದನ್ನು ಅವರು ಯಾರಿಗೂ ತಿಳಿಸಿರಲಿಲ್ಲ. ಬೆಲ್ಲದ ಬಣ್ಣ ಕಾಣುವ ಇನ್ನೊಬ್ಬರು ಸಿಗದಿದ್ದರೆ ನಮ್ಮ ಅಳತೆಯ ಕತ್ತಿ ಅವರೊಂದಿಗೇ ಮುಗಿಯುವುದಿತ್ತು.

ಆ ವರ್ಷ ದಸರೆಯ ಖಂಡೇಪೂಜೆಯ ಮರುದಿನ, ನಮ್ಮಲ್ಲಿ ಕೆತ್ತನೆ ಕಲಿಯುತ್ತಿದ್ದ ರಾಮದುರ್ಗ ಕಡೆಯ ಸಪ್ನಾ ಎಂಬ ಹುಡುಗಿ ಅಳುತ್ತ ಬಂದಳು. ಪೂಜೆಗೆಂದು ಕತ್ತಿಯನ್ನು ದೇವರ ಹಿತ್ತಾಳೆಯಂತೆ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದ್ದಾಳೆ. ತುಕ್ಕು ಹಿಡಿದೀತೆಂದು ಕಾದ ರೊಟ್ಟಿ ಹಂಚಿನ ಮೇಲೆ ಒಣಗಲು ಇಟ್ಟಿದ್ದಾಳೆ. ಈಗ ಅಲಗು ಬೇವಿನ ಕಟ್ಟಿಗೆಗೆ ತಾಗಿದರೆ ಮಡಚಿಕೊಳ್ಳುತ್ತಿತ್ತು. ಬೈಗುಳಕ್ಕೆ ಕಾದು ನಿಂತವಳನ್ನು ಗಂಗವ್ವನವರು ಪಕ್ಕಕ್ಕೆ ಕೂರಿಸಿಕೊಂಡರು.

“ಹಂಚಿನ ಮ್ಯಾಲ ಬಣ್ಣ ಏರಿದ್ದು ನೋಡಿದ್ಯೇನವಾ?”

“ನೋಡಿದ್ನಿರಿ. ಮೊದಲ ಒಣಾ ಜ್ವಾಳದ ಕಣಕೀ ಹಳದಿ ಬಣ್ಣ ಬಂತು. ಆಮ್ಯಾಲ ಬೆಲ್ಲದಂಗಾತು. ಕಡೀಕ ನವಿಲಿನ ಕುತ್ತಿಗಿಯಂಗ ನೀಲಿ. ಚಂದ ಕಾಣತಿತ್ರಿ, ಅದಕ್ಕ ಇಳಸಲಿಲ್ಲ.”

“ಬೆಲ್ಲದ್ದು ಎಷ್ಟೊತ್ತಿತ್ತು?”

“ಒಂದ ರೊಟ್ಟಿ ತಿರುವಿ ಹಾಕೂವಷ್ಟೂ ಇಲ್ರಿ.”

ಗಂಗವ್ವನವರು ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. “ನನಗ ಅದು ಕಾಣವಲ್ಲದವಾ ಈಗ. ನಾಳಿಂದ ಕುಲಮಿ ಮುಂದ ನೀ ಕುಂದರು.”

ತನ್ನ ಕೊರತೆಯನ್ನು ತನಗಿಂತ ಚಿಕ್ಕವಳ ಮುಂದೆ ಹೀಗೆ ತೆರೆದಿಡುವುದು ಸುಲಭವಲ್ಲ. ಮನೆಯಲ್ಲಿ ಮೈಮರೆತದ್ದಕ್ಕೆ ಮಾತು ಕೇಳಿಯೇ ಬೆಳೆದ ಹುಡುಗಿಗೆ, ಆ ಮೈಮರೆವೂ ಒಂದು ನೋಟವೆಂದು ತಿಳಿಸಿಕೊಡುವುದು ಇನ್ನೂ ಕಷ್ಟ. ಅಂದಿನಿಂದ ಇಕ್ಕಳ ಗಂಗವ್ವನವರದು, ಕಣ್ಣು ಸಪ್ನಾಳದು. “ಬಂತೇನವಾ?” ಎಂದು ಇವರು ಕೇಳುವುದು, “ಇನ್ನಾ ಕಣಕಿ ಐತ್ರಿ,” ಎಂದು ಅವಳೆನ್ನುವುದು, ಮತ್ತೆ “ಈಗರಿ!” ಎಂದೊಡನೆ ನೀರು ಚುರ್ರೆನ್ನುವುದು ನಮ್ಮ ಕೋಣೆಗೆ ಕೇಳಿಸುತ್ತಿತ್ತು. ಒಂದು ಅಲಗೂ ಮತ್ತೆ ಸಿಡಿಯಲಿಲ್ಲ. ಕಳೆದ ಮಳೆಗಾಲದಿಂದ ಇಕ್ಕಳವೂ ಸಪ್ನಾಳ ಕೈಗೆ ಬಂದಿದೆ.

ಹೋದ ವಾರ ಕುಲುಮೆಗೆ ಹೋದಾಗ ಸಪ್ನಾ ಗಂಗವ್ವನವರ ಮೊಣಕೈಗೆ ದಾರ ಹಿಡಿದಿದ್ದಳು. ತಮಗೆಂದು ಅವರು ಒಂದು ಕತ್ತಿಯನ್ನೂ ಬಡಿದುಕೊಂಡಿರಲಿಲ್ಲ. ಕಣ್ಣು ಕಾಣದವಳಿಗೆ ಕತ್ತಿ ಯಾಕೆಂದು ಅವರು ಗೊಣಗಿದರು. ಕಟ್ಟಿಗೆ ನುಣ್ಣಗಾದದ್ದನ್ನು ಬೆರಳು ಹೇಳುತ್ತದೆ ಎಂದು ನಮಗೆ ಕಲಿಸಿದವರು ಅವರೇ ಎಂದು ಸಪ್ನಾ ನೆನಪಿಸಿದಳು. ಅವರು ತೋಳನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ. “ಹಿಡಿಕಿ ಬಾಗಸು ಮತ್ತ,” ಎಂದರು. “ಬಳಿ ಅದಾವು.”

ಆ ಕತ್ತಿ ಈಗ ಸಿದ್ಧವಾಗಿದೆ. ಗಂಗವ್ವಕ್ಕಾ, ನಿಮ್ಮ ಕೈಗೆ ಬಹುಕಾಲ ಬಲವಿರಲಿ, ನಿಮ್ಮ ಬೆರಳು ಕಟ್ಟಿಗೆಯ ಮಾತು ಕೇಳುತ್ತಿರಲಿ, ಇಷ್ಟು ವರ್ಷ ಬಿಡುವಾಗದ ನಿಮ್ಮ ತೊಟ್ಟಿಲು ನೆಮ್ಮದಿಯಿಂದ ರೂಪ ತಾಳಲಿ. ಅದರ ಗಿಳಿಗಳನ್ನು ಕೆತ್ತಲು ನಾವೆಲ್ಲ ಪಾಳಿ ಹಚ್ಚಿ ನಿಂತಿದ್ದೇವೆ.